ಮಂಡಿಯ ನೋವಿಗೆ ಯಾವ ಅಳತೆಗೋಲು?

ಶ್ರವಣಬೆಳಗೊಳದ ದೊಡ್ಡಬೆಟ್ಟವು ಕೆಳಗಿನ ನೆಲದಿಂದ ಸುಮಾರು 470 ಅಡಿ, ಎಂದರೆ 143 ಮೀಟರು ಎತ್ತರವಾಗಿದೆ. ಬಂಡೆಯಲ್ಲಿಯೇ ಕಡಿದ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಿದವರಿಗೆ ಗೊಮ್ಮಟನ ದರ್ಶನ. 60 ಕಿಲೋಗ್ರಾಂ ತೂಕದವರೊಬ್ಬರು ಇದನ್ನು ಹತ್ತಿದರೆ ಗುರುತ್ವಕ್ಕೆದುರಾಗಿ ನಡೆದ ಕೆಲಸವೆಷ್ಟೆಂದು ನಾವು ತರಗತಿಯಲ್ಲಿ ಕೇಳುವುದುಂಟು. ಉತ್ತರ ಸುಮಾರು 84,000 ಜೌಲ್, ಅಥವಾ 20 ಕಿಲೋಕ್ಯಾಲೊರಿ. ಸ್ನಾಯುಗಳ ದಕ್ಷತೆಯನ್ನು ಕಾಲುಪಾಲೆಂದು ಹಿಡಿದರೂ 80ನ್ನು ಮೀರದು. ಎರಡು ಇಡ್ಲಿಗಳು ಅದನ್ನು ಒದಗಿಸಬಲ್ಲವು! ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ತೂಕ ಒಂದೇ ಆಗಿದ್ದರೆ ಹದಿನೆಂಟರ ತರುಣನಿಗೂ ಎಪ್ಪತ್ತರ ಅಜ್ಜಿಗೂ ಬರುವ ಉತ್ತರವೂ ಒಂದೇ.

ಕೃತಕ ಮಂಡಿಯೊಳಗೆ ಬಲಮಾಪಕಗಳನ್ನಿರಿಸಿ ನೋಡಿದವರು, ಸಮನೆಲದ ಮೇಲೆ ನಡೆವಾಗ ಕೀಲಿನ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು, ಮೆಟ್ಟಿಲಿಳಿವಾಗ ಮೂರೂವರೆ ಪಟ್ಟಿನಷ್ಟು ಬಲ ಬೀಳುವುದನ್ನು ಕಂಡಿದ್ದಾರೆ. "ಹತ್ತಿಬಿಡಬಹುದು, ಇಳಿಯುವುದೇ ಕಷ್ಟ" ಎಂಬ ಹಿರಿಯರ ಮಾತು ಬರಿಯ ಗೊಣಗಾಟವಲ್ಲ. ಎಕ್ಸ್-ರೇ ಚಿತ್ರಕ್ಕಾದರೋ 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಸೊನ್ನೆಯಿಂದ ನಾಲ್ಕರವರೆಗಿನ ದರ್ಜೆಗಳನ್ನು ಕೊಟ್ಟರು. ಅದು ಕೀಲಿನ ಸವೆತವನ್ನು ಹೇಳುತ್ತದೆ. ಆದರೆ ಸವೆತ ಬಹಳವಿದ್ದೂ ನೋವು ಕಡಮೆಯಿರುವವರೂ, ಸವೆತ ಅಲ್ಪವಿದ್ದೂ ನೋವು ಬಹಳವಿರುವವರೂ ಉಂಟು.

ನಮ್ಮ ಮನೆಯ ಅಜ್ಜಿಯನ್ನು ಒಮ್ಮೆ ವೈದ್ಯರಲ್ಲಿಗೆ ಕರೆದೊಯ್ದಿದ್ದೆವು. "ಅಮ್ಮಾ, ಮೆಟ್ಟಿಲು ಹತ್ತುವಾಗ ನೋವುಂಟೇ?" ಎಂದು ಅವರು ಕೇಳಿದರು. "ಇಲ್ಲಪ್ಪ" ಎಂದರು ಅಜ್ಜಿ. ಕಾಗದದ ಮೇಲೆ ಸೊನ್ನೆ ಬಿತ್ತು. ಅವರು ಮೆಟ್ಟಿಲನ್ನು ಹತ್ತುವುದನ್ನೇ ಬಿಟ್ಟು ಮೂರು ವರ್ಷಗಳಾಗಿದ್ದವು. ನಾವೆಲ್ಲ ಬೆಟ್ಟ ಹತ್ತಿದಾಗ ಅವರು ಕೆಳಗೆ ಚಪ್ಪಲಿಗಳನ್ನು ಕಾಯುತ್ತ ಕುಳಿತಿರುತ್ತಿದ್ದರು. ಡೋಲಿಯಲ್ಲಿ ಹೋಗೋಣವೆಂದರೆ, ನಾಲ್ಕು ಜನರ ಹೆಗಲ ಮೇಲೆ ಈಗಲೇ ಏಕೆ ಎಂದು ನಕ್ಕುಬಿಡುತ್ತಿದ್ದರು. ನೋವನ್ನು ಮಾತ್ರ ಅಳೆಯುವ ಮಾಪಕದಲ್ಲಿ, ಬದುಕನ್ನು ಕುಗ್ಗಿಸಿಕೊಂಡವರೇ ಆರೋಗ್ಯವಂತರಾಗಿ ಕಾಣುತ್ತಾರೆ. ಇದು ಮಾಪಕದ ದೋಷವೇ ಹೊರತು ಅಜ್ಜಿಯ ಸುಳ್ಳಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಅಂಗೀಕರಿಸಿದ ವರ್ಗೀಕರಣವು ದೇಹದ ಕ್ರಿಯೆ, ವ್ಯಕ್ತಿಯ ಚಟುವಟಿಕೆ, ಜೀವನದಲ್ಲಿ ಪಾಲುಗೊಳ್ಳುವಿಕೆ ಎಂಬಿವುಗಳನ್ನು ಬೇರ್ಪಡಿಸಿ ಹೇಳುತ್ತದೆ. ಮಂಡಿ ಎಷ್ಟು ಮಡಿಸುತ್ತದೆಂಬುದು ಮೊದಲನೆಯದು. ಕುಕ್ಕರಗಾಲಿನಲ್ಲಿ ಕೂರಬಲ್ಲರೇ ಎಂಬುದು ಎರಡನೆಯದು. ರಾಗಿಯ ಹೊಲದಲ್ಲಿ ಕಳೆ ಕೀಳಲು ಎಲ್ಲರೊಡನೆ ಹೋಗುತ್ತಿರುವರೇ ಎಂಬುದು ಮೂರನೆಯದು. ಈ ಮೂರನೆಯದನ್ನು ಅಳೆಯುವುದೇ ಕಷ್ಟ, ಅಳೆಯಬೇಕಾದುದೂ ಅದನ್ನೇ ಎಂದು ನಮ್ಮ ಅಭಿಪ್ರಾಯ.

ಕೆನಡಾದಲ್ಲಿ ಸಿದ್ಧವಾಗಿ ಲೋಕವೆಲ್ಲ ಬಳಸುತ್ತಿರುವ 24 ಪ್ರಶ್ನೆಗಳ ಪಟ್ಟಿಯೊಂದುಂಟು. ಅದರಲ್ಲಿ ಸ್ನಾನದ ತೊಟ್ಟಿಯೊಳಕ್ಕೆ ಇಳಿದೇಳುವ ಕಷ್ಟವನ್ನು ಕೇಳುತ್ತಾರೆ. ಚನ್ನರಾಯಪಟ್ಟಣದ ಸುತ್ತಿನ ಹಳ್ಳಿಯ ಹೆಂಗಸಿಗೆ ಆ ಪ್ರಶ್ನೆಯಿಂದೇನು? ಮದುವೆಯ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಉಂಡಿರೋ, ಗೋಡೆಯ ಬದಿಯ ಕುರ್ಚಿಯನ್ನು ಹುಡುಕಿದಿರೋ, ಮದುವೆಗೆ ಹೋಗಲೇ ಇಲ್ಲವೋ ಎಂದು ಕೇಳಬೇಕು. ಬಸ್ಸಿನ ಮೆಟ್ಟಿಲಿನ ಎತ್ತರಕ್ಕಂಜಿ ಸಂತೆಯನ್ನು ಬಿಟ್ಟಿರೋ ಎಂದು ಕೇಳಬೇಕು. ಮಹಾರಾಷ್ಟ್ರದ ಭಿಗವಣದಲ್ಲಿ 1996ರಲ್ಲಿ ಕೀಲುನೋವಿನ ಮನೆಮನೆಯ ಸಮೀಕ್ಷೆ ನಡೆಯಿತು. ಅಂಥ ಕೆಲಸ ನಮ್ಮ ಬಯಲುಸೀಮೆಯ ಊರುಗಳಲ್ಲಿಯೂ ಆಗತಕ್ಕದ್ದು.

ಇಲ್ಲಿ ಭೌತವಿಜ್ಞಾನಿಯದೊಂದು ಎಚ್ಚರಿಕೆ. "ಸ್ವಲ್ಪ ಕಷ್ಟ"ಕ್ಕೆ 1, "ಬಹಳ ಕಷ್ಟ"ಕ್ಕೆ 3 ಎಂದು ಬರೆದೊಡನೆ ಒಂದು ಮತ್ತೊಂದರ ಮೂರು ಪಟ್ಟಾಗಲಿಲ್ಲ. 30 ಸೆಂಟಿಗ್ರೇಡು 10ರ ಮೂರರಷ್ಟು ಬಿಸಿಯಲ್ಲವಷ್ಟೆ! ಅಂಕಿಗಳು ಬರಿಯ ಮುಂದುಹಿಂದನ್ನು ಸೂಚಿಸುತ್ತವೆ. ಅವನ್ನು ಕೂಡಿ, ಭಾಗಿಸಿ, ದಶಾಂಶದ ಎರಡನೆಯ ಸ್ಥಾನದವರೆಗೆ ಬರೆಯುವವರನ್ನು ಕಂಡರೆ ನಮಗೆ ನಗು ಬರುತ್ತದೆ. ಅದಕ್ಕಿಂತ, ಕಳೆದ ತಿಂಗಳಲ್ಲಿ ಎಷ್ಟು ಸಲ ಮನೆಯಿಂದ ಹೊರಗೆ ಹೋದಿರಿ ಎಂಬುದರ ಎಣಿಕೆ ಮೇಲು. ಎಣಿಕೆಯಲ್ಲಿ ಎರಡು ಒಂದರ ಇಮ್ಮಡಿಯೇ.

ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿಯೇ ಇದನ್ನು ಆರಂಭಿಸಬಹುದು. "ನೋವೆಷ್ಟು?" ಎಂಬುದನ್ನು ಕಡೆಗೆ ಕೇಳಿರಿ. "ಹೋದ ವರ್ಷ ಮಾಡುತ್ತಿದ್ದು ಈಗ ಮಾಡದಿರುವುದು ಏನು?" ಎಂಬುದು ಮೊದಲ ಪ್ರಶ್ನೆಯಾಗಿರಲಿ. ನಾವು ಇದನ್ನು ಕೇಳಿದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ಅಂಗಳದ ರಂಗೋಲಿಯಿಂದ ಪಟ್ಟಿಯನ್ನು ತೊಡಗಿಸಿದರು.