ಭೂತಚಿತ್ರವೂ ಪಾತ್ರೌಚಿತ್ಯವೂ

ಭಯವನ್ನು ಹುಟ್ಟಿಸುವುದು ಕಷ್ಟದ ಕೆಲಸವಲ್ಲ. ಕತ್ತಲೆಯ ಮನೆಯಲ್ಲಿ ಬಾಗಿಲೊಂದು ಹಠಾತ್ತಾಗಿ ಬಡಿದುಕೊಂಡರೆ ಪಂಡಿತನೂ ಬೆಚ್ಚುವನು, ಪಾಮರನೂ ಬೆಚ್ಚುವನು. ಅಷ್ಟರಿಂದಲೇ ಕಲೆಯೆನಿಸುವುದಾದರೆ ಆ ಬಾಗಿಲಿಗೂ ಕವಿಪಟ್ಟವನ್ನು ಕಟ್ಟಬೇಕಾದೀತು. ಬೆಚ್ಚಿದ ಮನಸ್ಸನ್ನು ಮುಂದೆ ಎಲ್ಲಿಗೆ ಕರೆದೊಯ್ಯಬೇಕೆಂಬುದೇ ಕಷ್ಟವಾದ ವಿಷಯ. ಭೂತಪಿಶಾಚಾದಿಗಳನ್ನು ತೋರಿಸುವ ಚಲಚ್ಚಿತ್ರಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಬಿಡದೆ ಎತ್ತಿದವರಲ್ಲಿ ಅಮೆರಿಕದ ಕಥೋಲಿಕ ಕ್ರೈಸ್ತ ಕಾದಂಬರಿಕಾರ ವಿಲಿಯಂ ಪೀಟರ್ ಬ್ಲಾಟಿ (1928–2017) ಮುಖ್ಯನು. ಆತನ ಅಭಿಪ್ರಾಯಗಳನ್ನು ಮತಶ್ರದ್ಧೆಯ ಹಟವೆಂದು ತಳ್ಳಿಹಾಕುವ ವಿಚಾರಪರರುಂಟು. ಆ ತಿರಸ್ಕಾರವು ಅವಿಚಾರದ ಫಲವೆಂಬುದನ್ನು ಇಲ್ಲಿ ತೋರಿಸಬೇಕಾಗಿದೆ.

ಬ್ಲಾಟಿ ನ್ಯೂಯಾರ್ಕಿನಲ್ಲಿ, ಲೆಬನಾನ್ ದೇಶದಿಂದ ವಲಸೆ ಬಂದ ತಂದೆತಾಯಿಗಳಿಗೆ ಹುಟ್ಟಿದವನು. ತಾಯಿ ಪರಮ ದೈವಭಕ್ತೆ. ವಿದ್ಯಾಭ್ಯಾಸವು ಜೆಸ್ಯೂಟ್ ಪಾದ್ರಿಗಳ ಸಂಸ್ಥೆಗಳಲ್ಲಿ ನಡೆಯಿತು. ವಾಷಿಂಗ್ಟನ್ ನಗರದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ, 1949ರಲ್ಲಿ, ನೆರೆಯ ಮೇರಿಲೆಂಡ್ ಪ್ರಾಂತದ ಬಾಲಕನೊಬ್ಬನಿಗೆ ಚರ್ಚಿನ ವಿಧಿಯಂತೆ ಪಿಶಾಚೋಚ್ಚಾಟನೆ ನಡೆದ ವಾರ್ತೆಯನ್ನು ಆತನು ಪತ್ರಿಕೆಯಲ್ಲಿ ಓದಿದನು. ಮುಂದೆ ಬಹುಕಾಲ ಹಾಸ್ಯಚಿತ್ರಗಳಿಗೆ ಕಥೆ ಬರೆದು ಜೀವಿಸಿದರೂ ಆ ವಾರ್ತೆ ಮನಸ್ಸಿನಿಂದ ಮಾಸಲಿಲ್ಲ. ಅದೇ ಬೀಜವಾಗಿ 1971ರಲ್ಲಿ ‘ದಿ ಎಕ್ಸಾರ್ಸಿಸ್ಟ್’ ಎಂಬ ಕಾದಂಬರಿ ಹೊರಬಂದಿತು. 1973ರ ಡಿಸೆಂಬರಿನಲ್ಲಿ ಅದು ಚಲಚ್ಚಿತ್ರವಾಯಿತು. ಚಿತ್ರಕಥೆಯನ್ನು ಬರೆದವನೂ ನಿರ್ಮಾಪಕನೂ ಬ್ಲಾಟಿಯೇ. ಚಿತ್ರಕಥೆಗಾಗಿ ಆತನಿಗೆ ಆಸ್ಕರ್ ಪಾರಿತೋಷಿಕವೂ ಸಂದಿತು. ಜನರನ್ನು ಹೆದರಿಸುವುದು ತನ್ನ ಉದ್ದೇಶವಲ್ಲವೆಂದು ಆತನು ಹಲವು ಬಾರಿ ಹೇಳಿದನು. ಪಿಶಾಚವೆಂಬುದು ಇರುವುದಾದರೆ ದೇವದೂತರೂ ದೇವರೂ ಏಕೆ ಇರಬಾರದು ಎಂಬುದು ಆತನ ತರ್ಕ. ಗ್ರಂಥವು ಧರ್ಮಸೇವೆಯೆಂಬುದು ಆತನ ಭಾವನೆ.

ಕಥೆ ಹೀಗಿದೆ: ಜಾರ್ಜ್‌ಟೌನ್ ಬಡಾವಣೆಯಲ್ಲಿ ಬೀಡುಬಿಟ್ಟಿರುವ ನಟಿಯೊಬ್ಬಳ ಮಗಳು ರೀಗನ್, ಹನ್ನೆರಡು ವರ್ಷದ ಬಾಲಿಕೆ. ಅವಳ ನಡೆನುಡಿಗಳು ವಿಕಾರವಾಗುತ್ತವೆ. ವೈದ್ಯರು ಮಾಡತಕ್ಕ ಪರೀಕ್ಷೆಗಳನ್ನೆಲ್ಲ ಮಾಡಿ ಸೋಲುತ್ತಾರೆ. ಕೊನೆಗೆ ತಾಯಿ ಕ್ಯಾರಸ್ ಎಂಬ ಪಾದ್ರಿಯ ಮೊರೆಹೋಗುತ್ತಾಳೆ. ಆತನು ಮನೋವೈದ್ಯನೂ ಹೌದು. ತನ್ನ ತಾಯಿ ಬಡತನದಲ್ಲಿ ಒಂಟಿಯಾಗಿ ಸತ್ತಳೆಂಬ ಕೊರಗಿನಿಂದ ಶ್ರದ್ಧೆ ಕುಂದಿದವನು. ವೃದ್ಧನಾದ ಮೆರಿನ್ ಎಂಬ ಪಾದ್ರಿಯೊಡನೆ ಆತನು ಉಚ್ಚಾಟನೆಗೆ ತೊಡಗುತ್ತಾನೆ. ಮೆರಿನ್ ಹೃದಯ ನಿಂತು ಸಾಯುವನು. ಆಗ ಕ್ಯಾರಸನು ಪಿಶಾಚವನ್ನು ತನ್ನ ಮೇಲೆಯೇ ಕರೆದುಕೊಂಡು, ಕಿಟಕಿಯಿಂದ ಹಾರಿ ಪ್ರಾಣಬಿಡುವನು. ಬಾಲಿಕೆ ಉಳಿಯುವಳು.

ನಿರ್ದೇಶಕ ವಿಲಿಯಂ ಫ್ರೀಡ್ಕಿನ್. ಆತನೇ ಬೇಕೆಂದು ಪಟ್ಟುಹಿಡಿದವನು ಬ್ಲಾಟಿ. ಆದುದರಿಂದ ಇವರಿಬ್ಬರ ಜಗಳ ವೈರಿಗಳ ಜಗಳವಲ್ಲ, ಮಿತ್ರರ ವಿವಾದ. ಉಚ್ಚಾಟನೆಯ ನಡುವೆ ದಣಿದ ಪಾದ್ರಿಗಳಿಬ್ಬರೂ ಮೆಟ್ಟಿಲಿನ ಮೇಲೆ ಕುಳಿತು ಮಾತನಾಡುವ ಸಂದರ್ಭವೊಂದುಂಟು. ಏನೂ ಅರಿಯದ ಈ ಬಾಲಿಕೆಗೆ ಈ ಸಂಕಟವೇಕೆ ಎಂದು ಕ್ಯಾರಸ್ ಕೇಳುವನು. ಪಿಶಾಚದ ಗುರಿ ಬಾಲಿಕೆಯಲ್ಲ, ಸುತ್ತ ನಿಂತು ನೋಡುವವರು. ಮನುಷ್ಯನು ಬರಿಯ ಪಶು, ಕುರೂಪಿ, ದೇವರ ಪ್ರೀತಿಗೆ ಅನರ್ಹನೆಂದು ಅವರನ್ನು ನಂಬಿಸಿ ನಿರಾಶರನ್ನಾಗಿ ಮಾಡುವುದೇ ಅದರ ಹವಣಿಕೆ ಎಂಬುದು ಮೆರಿನ್ನನ ಉತ್ತರದ ತಾತ್ಪರ್ಯ. ಈ ಸಂಭಾಷಣೆ ಚಿತ್ರೀಕೃತವಾಗಿದ್ದರೂ ಫ್ರೀಡ್ಕಿನ್ ಅದನ್ನು ಕತ್ತರಿಸಿ ತೆಗೆದನು. ಚಿತ್ರವೇ ಹೇಳುತ್ತಿರುವುದನ್ನು ಮಾತಿನಲ್ಲಿ ಹೇಳಬೇಕಾಗಿಲ್ಲವೆಂಬುದು ಆತನ ವಾದ. ಬ್ಲಾಟಿ 27 ವರ್ಷ ವಾದಿಸುತ್ತಲೇ ಇದ್ದನು. ಕಡೆಗೆ 2000ದಲ್ಲಿ ಚಿತ್ರವು ಪುನಃ ತೆರೆಗೆ ಬಂದಾಗ, ಮಿತ್ರನ ಮಾತಿಗೆ ಮನ್ನಣೆಕೊಟ್ಟು ಫ್ರೀಡ್ಕಿನ್ ಆ ಭಾಗವನ್ನು ಮರಳಿ ಸೇರಿಸಿದನು.

ಇಲ್ಲಿ ಪೂರ್ವಪಕ್ಷವನ್ನು ನ್ಯಾಯವಾಗಿಯೇ ಮಂಡಿಸೋಣ. ಚಲಚ್ಚಿತ್ರವು ದೃಶ್ಯಕಲೆ, ಕಣ್ಣಿಗೆ ಕಂಡುದನ್ನು ಕಿವಿಗೆ ವಿವರಿಸಿದರೆ ಪುನರುಕ್ತಿದೋಷ ಬರುತ್ತದೆ. ಧ್ವನಿಯೇ ಕಾವ್ಯದ ಆತ್ಮವಾಗಿರುವಾಗ ಅರ್ಥವನ್ನು ಬಾಯಿಬಿಟ್ಟು ಸಾರುವುದು ಉಪದೇಶಕನ ಕೆಲಸ, ಕವಿಯದಲ್ಲ. ಇದು ಅಲ್ಲಗಳೆಯತಕ್ಕ ಮಾತಲ್ಲ. ಆದರೆ ವಾಚ್ಯವಿಲ್ಲದೆಯೇ ಅರ್ಥವು ಧ್ವನಿತವಾಗುವ ಕಡೆಯಲ್ಲಿ ಮಾತ್ರ ಈ ನ್ಯಾಯ ಸಲ್ಲುವುದು. ಇಲ್ಲಿ ಧ್ವನಿತವಾಯಿತೆ? ಚಿತ್ರವನ್ನು ಮೊದಲು ನೋಡಿದವರಲ್ಲಿ ಅನೇಕರು ಕೊನೆಯಲ್ಲಿ ಪಿಶಾಚವೇ ಗೆದ್ದಿತೆಂದು ತಿಳಿದರು. ಇದೇ ಬ್ಲಾಟಿಯ ದೊಡ್ಡ ಕೊರಗು. ಪರರ ಮಗುವಿಗಾಗಿ ಒಬ್ಬನು ಪ್ರಾಣವನ್ನು ಕೊಟ್ಟ ಕಥೆಯನ್ನು ಕಂಡವರು ಅದನ್ನು ಸೋಲೆಂದು ತಿಳಿದು ಮನೆಗೆ ಹೋದರೆ, ಅಲ್ಲಿ ಧ್ವನಿ ಎಲ್ಲಿ ಉಳಿಯಿತು?

ರಸದೃಷ್ಟಿಯಿಂದ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುವುದು. ಎರಡು ತಾಸುಗಳ ಕಾಲ ಪ್ರೇಕ್ಷಕನ ಕಣ್ಣಮುಂದೆ ಇರುವುದೇನು? ಗಾಯಗಳಿಂದ ವಿಕಾರವಾದ ಮುಖ, ವಾಂತಿ, ಬಾಲಿಕೆಯ ಬಾಯಿಂದ ಹೊರಡುವ ಅಶ್ಲೀಲವಾಕ್ಕು. ಇವು ಭಯಾನಕಕ್ಕಿಂತ ಹೆಚ್ಚಾಗಿ ಬೀಭತ್ಸದ ವಿಭಾವಗಳು. ಬೀಭತ್ಸಕ್ಕೆ ಸ್ಥಾಯಿ ಜುಗುಪ್ಸೆ. ಈ ಜುಗುಪ್ಸೆ ಯಾರ ಮೇಲೆ ನಿಲ್ಲುವುದು? ಪಿಶಾಚವು ಕಣ್ಣಿಗೆ ಕಾಣದು. ಕಾಣುವುದು ಮಗುವಿನ ಶರೀರ. ಆದುದರಿಂದ ಹೇಸಿಕೆಯು ಮಗುವಿನ ಮೇಲೆಯೇ ನಿಲ್ಲುವುದು. ಮನುಷ್ಯನನ್ನು ಕಂಡು ಮನುಷ್ಯನು ಹೇಸಬೇಕೆಂಬುದೇ ಪಿಶಾಚದ ಹವಣಿಕೆಯೆಂದು ಮೆರಿನ್ ಹೇಳುವನಷ್ಟೆ? ಆ ಮಾತನ್ನು ಕಿತ್ತುಹಾಕಿ ಹೇಸಿಕೆಯನ್ನು ಮಾತ್ರ ಉಳಿಸಿದ ಚಿತ್ರವು ತಿಳಿಯದೆಯೇ ಪಿಶಾಚದ ಕೆಲಸವನ್ನು ತಾನೇ ಮಾಡಿಕೊಟ್ಟಂತಾಯಿತು. ಬ್ಲಾಟಿ ಕೇಳಿದ್ದು ಉಪದೇಶಕ್ಕೆ ಎಡೆಯನ್ನಲ್ಲ, ರೋಗಕ್ಕೆ ಔಷಧವನ್ನು.

ಬೀಭತ್ಸವನ್ನು ಬಿಟ್ಟೇಬಿಡಬೇಕೆಂದು ಇದರ ಅರ್ಥವಲ್ಲ. ಭವಭೂತಿಯು ‘ಮಾಲತೀಮಾಧವ’ದ ಐದನೆಯ ಅಂಕದಲ್ಲಿ ಶ್ಮಶಾನವನ್ನೂ ಪಿಶಾಚಗಳನ್ನೂ ಮನಸ್ಸು ಹೇಸುವಂತೆಯೇ ಚಿತ್ರಿಸಿರುವನು. ಆದರೆ ಆ ಶ್ಮಶಾನಕ್ಕೆ ಮಾಧವನನ್ನು ಕರೆತಂದುದು ಪ್ರೇಮ. ಅಲ್ಲಿಂದ ಆತನು ಅಘೋರಘಂಟನ ಕೈಯಿಂದ ಬಿಡಿಸಿ ತರುವುದು ಮಾಲತಿಯನ್ನು. ಹೇಸಿಕೆ ಅಂಗ, ಪ್ರೀತಿ ಅಂಗಿ. ಕ್ಯಾರಸನ ಕಥೆಯಲ್ಲಿಯೂ ಇದೇ ಕ್ರಮವಿದೆ. ಅಂಗವು ಅಂಗಿಯನ್ನು ನುಂಗಿಬಿಟ್ಟರೆ ಯಾವ ಭಾಷೆಯ ಕವಿಗಾದರೂ ಅದು ದೋಷವೇ.

ಇದು ರಸಿಕರ ಗೋಷ್ಠಿಯಲ್ಲಿ ಮುಗಿಯುವ ಚರ್ಚೆಯೂ ಅಲ್ಲ. ಭೂತಚಿತ್ರವನ್ನು ಕಂಡವರು ಮನೆಗೆ ಹಿಂದಿರುಗುವರು, ಮನೆಯಲ್ಲಿ ರೋಗಿಗಳಿರುವರು. ಪಿಶಾಚಬಾಧೆಯೆಂದು ಸುಲಭವಾಗಿ ನಂಬಬಾರದೆಂದು ಕಥೋಲಿಕ ಚರ್ಚಿನ 1614ರ ವಿಧಿಗ್ರಂಥವೇ ಪಾದ್ರಿಗಳಿಗೆ ಎಚ್ಚರಿಕೆ ಕೊಟ್ಟಿದೆ. ಬ್ಲಾಟಿಯೂ ಕಥೆಯ ಬಹುಭಾಗವನ್ನು ವೈದ್ಯರಿಗೇ ಬಿಟ್ಟುಕೊಟ್ಟು, ಪಾದ್ರಿಯನ್ನೂ ಮನೋವೈದ್ಯನನ್ನಾಗಿ ಮಾಡಿ, ಕೊನೆಯವರೆಗೂ ಆತನನ್ನು ಸಂಶಯದಲ್ಲಿಯೇ ಇರಿಸಿದನು. ಈ ಎಚ್ಚರಿಕೆ ತಪ್ಪಿದರೆ ಏನಾಗುವುದೆಂಬುದನ್ನು ಜರ್ಮನಿ ಕಂಡಿದೆ. ಅಲ್ಲಿ 1976ರಲ್ಲಿ ಅಪಸ್ಮಾರದಿಂದ ನರಳುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, 67 ಬಾರಿ ಉಚ್ಚಾಟನೆ ನಡೆದ ಬಳಿಕ, ಅನ್ನವಿಲ್ಲದೆ ಕೃಶಳಾಗಿ ಸತ್ತಳು. 1978ರಲ್ಲಿ ನ್ಯಾಯಾಲಯವು ತಂದೆತಾಯಿಗಳನ್ನೂ ಇಬ್ಬರು ಪಾದ್ರಿಗಳನ್ನೂ ಅಪರಾಧಿಗಳೆಂದು ತೀರ್ಮಾನಿಸಿತು. ಆ ದುರಂತಕ್ಕೆ ಚಿತ್ರವೊಂದು ಕಾರಣವೆಂದು ಹೇಳುವುದು ತಪ್ಪಾದೀತು. ಆದರೆ ಸಂಶಯಕ್ಕೂ ವೈದ್ಯಕ್ಕೂ ಎಡೆಗೊಡದೆ ಪಿಶಾಚವನ್ನು ಮಾತ್ರ ಮೆರೆಸುವ ಚಿತ್ರಗಳು ಮೂಢನಂಬಿಕೆಗೆ ಎಣ್ಣೆಯೆರೆಯುವುವೆಂಬುದರಲ್ಲಿ ಸಂದೇಹವಿಲ್ಲ. ಶ್ರದ್ಧಾವಂತನಾದ ಬ್ಲಾಟಿಗೆ ಈ ವಿಷಯದಲ್ಲಿದ್ದ ಎಚ್ಚರಿಕೆ, ಶ್ರದ್ಧೆಯನ್ನು ಹಾಸ್ಯಮಾಡುವ ಎಷ್ಟೋ ಚಿತ್ರೋದ್ಯಮಿಗಳಿಗೆ ಇಲ್ಲ.

ಇನ್ನು ಪಾತ್ರಗಳಿಗೆ ನಟರನ್ನು ಆರಿಸುವ ವಿಷಯ. ಪುಸ್ತಕವು ಅಚ್ಚಾದೊಡನೆ ಪಾತ್ರಗಳು ಓದುಗರ ಸ್ವತ್ತಾಗುವುವು. ಒಬ್ಬೊಬ್ಬ ಓದುಗನೂ ಒಂದೊಂದು ಮುಖವನ್ನು ಕಲ್ಪಿಸಿಕೊಂಡಿರುವಾಗ ಕಾದಂಬರಿಕಾರನ ಇಷ್ಟಾನಿಷ್ಟಕ್ಕೆ ಬೆಲೆಯೇನು ಎಂದು ಕೇಳುವರು. ಮುಖದ ಮಟ್ಟಿಗೆ ಈ ಮಾತು ನಿಜ. ರೀಗನ್ನಳ ತಾಯಿಯ ಪಾತ್ರವನ್ನು ಬ್ಲಾಟಿ ತನ್ನ ನೆರೆಯವಳೂ ಸ್ನೇಹಿತೆಯೂ ಆಗಿದ್ದ ನಟಿ ಶರ್ಲಿ ಮೆಕ್ಲೇನಳನ್ನು ನೋಡಿಯೇ ರಚಿಸಿದ್ದನು. ತೆರೆಯ ಮೇಲೆ ಬಂದವಳು ಎಲೆನ್ ಬರ್ಸ್ಟಿನ್. ಅದರಿಂದ ಕಥೆಗೆ ಯಾವ ಕುಂದೂ ಬರಲಿಲ್ಲ. ಆದರೆ ಪಾತ್ರವೆಂದರೆ ಮುಖವೊಂದೇ ಅಲ್ಲವಷ್ಟೆ. ನಡೆ, ನುಡಿ, ಅಂಗ, ಸ್ವಭಾವಗಳನ್ನು ಪರೀಕ್ಷಿಸಿ ಭೂಮಿಕೆಯನ್ನು ಹಂಚಬೇಕೆಂದು ಭರತನು ನಾಟ್ಯಶಾಸ್ತ್ರದಲ್ಲಿ ಒಂದು ಪ್ರಕರಣವನ್ನೇ ಇಟ್ಟಿರುವನು. ನಟನನ್ನು ಪಾತ್ರವೆನ್ನುವುದೇಕೆಂಬುದಕ್ಕೆ ಅಭಿನವಗುಪ್ತನು ಕೊಡುವ ಸಮಾಧಾನ ಇನ್ನೂ ಸೊಗಸಾದುದು: ಪಾತ್ರೆಯು ತನ್ನೊಳಗಿನ ಪಾನೀಯದ ರುಚಿಯನ್ನು ತಾನು ಸವಿಯದು, ಸವಿಯುವವನಿಗೆ ಅದನ್ನು ತಲಪಿಸುವುದಷ್ಟೇ ಅದರ ಕೆಲಸ. ಪಾತ್ರೆಯ ಮಿರುಗಿಗೆ ಕಣ್ಣು ಕೋರೈಸಿದರೆ ಒಳಗಿನ ರಸವನ್ನು ನೋಡುವವರಾರು?

ಚಿತ್ರದ ಬಂಡವಾಳಗಾರರು ಮೆರಿನ್ನನ ಭೂಮಿಕೆಗೆ ಮಾರ್ಲನ್ ಬ್ರಾಂಡೊ ಬೇಕೆಂದು ಬಯಸಿದರು. ಬ್ರಾಂಡೊ ಮಹಾನಟನೇ ಸರಿ. ಆದರೆ ಆತನು ಬಂದರೆ ಜನರು ಪಾದ್ರಿಯನ್ನು ಮರೆತು ಬ್ರಾಂಡೊನನ್ನೇ ನೋಡುವರೆಂದು ಫ್ರೀಡ್ಕಿನ್ ನಿರಾಕರಿಸಿದನು. ಇಲ್ಲಿ ನಿರ್ದೇಶಕನಿಗೆ ಸಲ್ಲಬೇಕಾದ ಮೆಚ್ಚಿಕೆ ಸಲ್ಲಲೇಬೇಕು. ಆರಿಸಲ್ಪಟ್ಟವನು ಸ್ವೀಡನ್ನಿನ ಮಾಕ್ಸ್ ಫಾನ್ ಸಿಡೋ. 1965ರ ಚಿತ್ರವೊಂದರಲ್ಲಿ ಕ್ರಿಸ್ತನಾಗಿ ಅಭಿನಯಿಸಿದ್ದವನು. ಆಗ ಆತನಿಗೆ 45 ವರ್ಷವೂ ತುಂಬಿರಲಿಲ್ಲ, ಬಣ್ಣಗಾರಿಕೆಯಿಂದ ವೃದ್ಧನಾದನು. ಕ್ಯಾರಸನ ಭೂಮಿಕೆಗೆ ಸ್ಟೇಸಿ ಕೀಚ್ ಎಂಬ ನುರಿತ ನಟನೊಡನೆ ಒಪ್ಪಂದವೇ ಆಗಿತ್ತು. ಆದರೂ ಅದನ್ನು ಬಿಟ್ಟು, ಅದುವರೆಗೆ ಚಲಚ್ಚಿತ್ರದಲ್ಲಿ ಕಾಣಿಸಿಕೊಂಡೇ ಇರದ ನಾಟಕಕಾರ ಜೇಸನ್ ಮಿಲ್ಲರನನ್ನು ಕರೆತಂದರು. ಮಿಲ್ಲರನೂ ಜೆಸ್ಯೂಟರಲ್ಲಿ ಓದಿದವನು. ಆತನ ಕಣ್ಣಿನ ಬಳಲಿಕೆಯನ್ನು ಕಂಡ ಪ್ರೇಕ್ಷಕನಿಗೆ ನಟನ ನೆನಪಾಗದು, ತಾಯಿಗಾಗಿ ಕೊರಗುವ ಪಾದ್ರಿಯ ನೆನಪಾಗುವುದು. ಮಿತ್ರನಾದ ಇನ್ನೊಬ್ಬ ಪಾದ್ರಿಯ ಪಾತ್ರಕ್ಕಂತೂ ನಿಜವಾದ ಜೆಸ್ಯೂಟ್ ಪಾದ್ರಿಯೊಬ್ಬರನ್ನೇ ನಿಲ್ಲಿಸಿದರು.

ಅಲೌಕಿಕವಾದ ಪಾತ್ರಕ್ಕೆ ಯಾವ ನಟನು ತಕ್ಕವನು? ಇದಕ್ಕೆ ಇಂಗ್ಲೆಂಡಿನಲ್ಲಿದ್ದ ಮತ್ತೊಬ್ಬ ಕ್ರೈಸ್ತ ಕಾದಂಬರಿಕಾರ ಸಿ. ಎಸ್. ಲೂಯಿಸನು (1898–1963) ಕೊಟ್ಟ ಉತ್ತರ ಕಠಿಣವಾದುದು. ನಾರ್ನಿಯಾ ಕಥೆಗಳ ದಿವ್ಯಸಿಂಹವಾದ ಆಸ್ಲಾನನನ್ನು ರೇಡಿಯೋ ನಾಟಕದಲ್ಲಿ ಕೇಳಿಸಲು ಆತನ ಒಪ್ಪಿಗೆಯಿತ್ತು. ವೇಷ ತೊಟ್ಟ ಮನುಷ್ಯನಿಂದ ದೂರದರ್ಶನದಲ್ಲಿ ಆಡಿಸುವುದು ದೈವನಿಂದೆಗೆ ಸಮಾನವೆಂದು 1959ರ ಪತ್ರವೊಂದರಲ್ಲಿ ಬರೆದನು. ಕಿವಿಗೆ ಕೇಳಿದುದಕ್ಕೆ ಮನಸ್ಸು ತನಗೆ ತಕ್ಕ ರೂಪವನ್ನು ಕೊಟ್ಟುಕೊಳ್ಳುವುದು. ಕಣ್ಣಿಗೆ ಕಂಡುದು ಮನಸ್ಸಿನ ಕೈಕಟ್ಟುವುದು. ‘ದಿ ಎಕ್ಸಾರ್ಸಿಸ್ಟ್’ ಚಿತ್ರದಲ್ಲಿಯೂ ಎದೆಯನ್ನು ನಡುಗಿಸುವುದು ಮುಖ್ಯವಾಗಿ ಧ್ವನಿಯೇ. ಬಾಲಿಕೆಯಾಗಿ ನಟಿಸಿದವಳು ಲಿಂಡಾ ಬ್ಲೇರ್. ಪಿಶಾಚದ ಧ್ವನಿ ಮರ್ಸಿಡಿಸ್ ಮೆಕೇಂಬ್ರಿಜ್ ಎಂಬ ಹಿರಿಯ ನಟಿಯದು. ಮುಖ ಒಬ್ಬಳದು, ಧ್ವನಿ ಇನ್ನೊಬ್ಬಳದಾದುದರಿಂದಲೇ ಮಗು ಬೇರೆ, ಬಾಧೆ ಬೇರೆ ಎಂಬ ವಿವೇಕಕ್ಕೆ ಅಲ್ಪಸ್ವಲ್ಪ ಎಡೆ ಉಳಿಯಿತು.

ಬ್ಲಾಟಿ ನಿರ್ದೋಷಿಯೆಂದು ಹೇಳುವಂತಿಲ್ಲ. 1983ರ ‘ಲೀಜನ್’ ಕಾದಂಬರಿಯನ್ನು ಆತನೇ ನಿರ್ದೇಶಿಸಿ 1990ರಲ್ಲಿ ಚಿತ್ರವನ್ನಾಗಿ ಮಾಡಿದನು. ಸಂಸ್ಥೆಯವರು ಆತನಿಗೆ ಬೇಡವಾದ ‘ಎಕ್ಸಾರ್ಸಿಸ್ಟ್’ ಎಂಬ ಹೆಸರನ್ನೇ ಅಂಟಿಸಿದರು. ಕಾದಂಬರಿಯಲ್ಲಿ ಇಲ್ಲದ ಉಚ್ಚಾಟನೆಯನ್ನು ಕೊನೆಯಲ್ಲಿ ತುರುಕಬೇಕೆಂದರು. ಬ್ರಾಡ್ ಡೂರಿಫ್ ನಿರ್ವಹಿಸಿದ್ದ ಪಾತ್ರದಲ್ಲಿ ಮಿಲ್ಲರನನ್ನೂ ಸೇರಿಸಬೇಕೆಂದರು. ಬ್ಲಾಟಿ ಮಣಿದನು. ಕಥೆಗೆ ಬೇಡವಾದ ಭಯವು ಕಥೆಯ ಕೊರಳಿಗೆ ಗುಂಡುಕಲ್ಲಾಯಿತು. ಮೊದಲಿನ ರೂಪವನ್ನು 2016ರಲ್ಲಿ ಹೊರತರಲು ಹೊರಟಾಗ ಮೂಲದ ಸುರುಳಿಗಳು ಸಿಕ್ಕದೆ, ಮಸುಕಾದ ವೀಡಿಯೋ ಟೇಪುಗಳಿಂದ ಕೊರತೆಯನ್ನು ತುಂಬಬೇಕಾಯಿತು. ಮಿತ್ರನಾದ ನಿರ್ದೇಶಕನೊಡನೆ 27 ವರ್ಷ ವಾದಿಸಿದವನು ಹಣದ ಮುಂದೆ ತಲೆಬಾಗಿದುದು ವಿಷಾದದ ಸಂಗತಿ. ಆದರೆ ಆತನ ಸೋಲು ಆತನ ಸಿದ್ಧಾಂತದ ಸೋಲಲ್ಲ. ಸಿದ್ಧಾಂತವನ್ನು ಬಿಟ್ಟುಕೊಟ್ಟರೆ ಕೃತಿ ಏನಾಗುವುದೆಂಬುದಕ್ಕೆ ಅದೇ ದೃಷ್ಟಾಂತ.

ಆದುದರಿಂದ ಬ್ಲಾಟಿಯ ಮತವನ್ನು ಕ್ರೈಸ್ತರಿಗೆ ಮಾತ್ರ ಸಂಬಂಧಿಸಿದುದೆಂದು ಬದಿಗಿಡಲಾಗದು. ಪಿಶಾಚವನ್ನು ನಂಬದವನಿಗೂ ಮನುಷ್ಯನಲ್ಲಿ ನಂಬಿಕೆ ಬೇಕು. ಭೂತಚಿತ್ರವನ್ನು ಕಂಡು ಮನೆಗೆ ಬಂದ ಮಕ್ಕಳನ್ನು ಎಷ್ಟು ಹೆದರಿದಿರೆಂದು ಕೇಳುವುದರಿಂದ ಫಲವಿಲ್ಲ. ಆ ಹುಡುಗಿಯನ್ನು ಕಂಡು ಹೇಸಿಕೆಯಾಯಿತೇ ಕನಿಕರವಾಯಿತೇ, ಅವಳನ್ನು ಬಿಡಿಸಿದವರಾರು, ಬಿಡಿಸಿದವನು ಏನನ್ನು ತೆತ್ತನು ಎಂದು ಹಿರಿಯರು ಕೇಳಲಿ. ಮಕ್ಕಳು ಉತ್ತರ ಕೊಡಬಲ್ಲರಾದರೆ ಆ ಚಿತ್ರವನ್ನು ನೋಡಿದುದು ಸಾರ್ಥಕ. ಕೊಡಲಾರದೆ ಹೋದರೆ ತಪ್ಪು ಮಕ್ಕಳದಲ್ಲ.