ಎಷ್ಟು ನೆಟ್ಟೆವು? ಎಷ್ಟು ಉಳಿದವು?



ನಮ್ಮ ದೇಶದಲ್ಲಿ ಎಷ್ಟು ಕಾಡು ಇದೆ ಎಂದು ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಅಳೆಯುತ್ತದೆ. ಉಪಗ್ರಹದ ಚಿತ್ರ ನೋಡಿ ಸುಮಾರು ಎರಡು ವರ್ಷಕ್ಕೊಮ್ಮೆ ವರದಿ ಕೊಡುತ್ತದೆ. ಮೊದಲನೇ ವರದಿ ಬಂದದ್ದು 1987ರಲ್ಲಿ. 2023ರ ವರದಿ ಪ್ರಕಾರ ಕಾಡು, ಕಾಡಿನ ಹೊರಗಿನ ಮರ ಎಲ್ಲಾ ಸೇರಿ ದೇಶದ ನೆಲದ ಶೇ. 25.17. ಆದರೆ 1988ರ ರಾಷ್ಟ್ರೀಯ ಅರಣ್ಯ ನೀತಿಯಂತೆ ಮೂರರಲ್ಲಿ ಒಂದು ಪಾಲು ಇರಬೇಕು.

ಸುಮಾರು ಎರಡೂವರೆ ಎಕರೆ ಜಾಗದಲ್ಲಿ ನೂರಕ್ಕೆ ಹತ್ತು ಪಾಲು ಮರದ ನೆರಳಿದ್ದರೆ ಸಾಕು, ಅದು ಲೆಕ್ಕದಲ್ಲಿ ಕಾಡು. ಮಾವಿನ ತೋಟವೂ ಕಾಡೇ! ಆದರೆ ನಾವು ನೆಟ್ಟ ಗೇಣುದ್ದದ ಸಸಿ ಉಪಗ್ರಹಕ್ಕೆ ಕಾಣುವುದಿಲ್ಲ. ಅದನ್ನು ನಾವೇ ಎಣಿಸಬೇಕು.

ನಮ್ಮ ಹವಳಗಾದಾಗ ಎಲ್ಲಿ ನೋಡಿದರೂ ಕಬ್ಬು, ತೊಗರಿ. ಬದುವಿನ ಮ್ಯಾಲಿನ ಬೇವು, ಜಾಲಿನೇ ನಮ್ಮ ಕಾಡು. ಹೋದ ವರ್ಷ ವನಮಹೋತ್ಸವದಾಗ ನಾವು 20 ಸಸಿ ನೆಟ್ಟೆವು. ಭಾಷಣ ಆಯ್ತು, ಚಪ್ಪಾಳೆ ಆಯ್ತು. ಬ್ಯಾಸಗಿ ಸೂಟಿ ಮುಗಿಸಿ ಬಂದು ನೋಡಿದರ 3 ಉಳಿದಿದ್ದವು. ಕೆಲವನ್ನು ಆಡು ತಿಂದಿದ್ದವು, ಕೆಲವು ನೀರಿಲ್ಲದೆ ಒಣಗಿದ್ದವು. ತಪ್ಪು ನಮ್ಮದೇ. ಆದರೂ ನನ್ನ ವಹಿಯಾಗ "20 ಸಸಿ" ಅಂತಲೇ ಅದ.

ನನ್ನ ಅಭಿಪ್ರಾಯ ಏನೆಂದರೆ, ನೆಟ್ಟ ದಿನದ ಲೆಕ್ಕ ಲೆಕ್ಕವೇ ಅಲ್ಲ. ಒಂದು ಬ್ಯಾಸಗಿ ದಾಟಿದ ಸಸಿಯನ್ನೇ ಎಣಿಸಬೇಕು. ತಿಂಗಳಿಗೊಮ್ಮೆ ಎಣಿಸಿ ಈ ಗೋಡೆ ಮ್ಯಾಲೆ ಬರೆಯೋಣ. ಸೂಟಿಯಾಗ ಶಾಲೆ ಹತ್ತಿರ ಮನೆ ಇದ್ದವರು ಪಾಳಿ ಹಚ್ಚಿ ನೀರು ಹಾಕೋಣ. ಮೊದಲನೇ ಪಾಳಿ ನನ್ನದು.

ಈಗಿನ ಲೆಕ್ಕ: 3.

– 7ನೇ ತರಗತಿ ವಿದ್ಯಾರ್ಥಿನಿ