ಆರೋಗ್ಯ ವಿಚಾರ: ಮೂತ್ರನಾಳದಲ್ಲಿಟ್ಟ ಕೊಳವೆ

ಮೂತ್ರಪಿಂಡದಿಂದ ಮೂತ್ರಕೋಶಕ್ಕಿಳಿಯುವ ನಾಳವು ಸಂಕುಚಿತವಾದಲ್ಲಿ, ವೈದ್ಯರು ಎರಡು ತುದಿಯೂ ಸುರುಳಿಯಾದ ಮೆದುಕೊಳವೆಯೊಂದನ್ನು ಅದರೊಳಗಿಡುವರು. 1978ರಿಂದ ಬಳಕೆಗೆ ಬಂದ ಸ್ಟೆಂಟು ಇದೇ. ಪದೇ ಪದೇ ಮೂತ್ರಶಂಕೆ, ಮೂತ್ರದಲ್ಲಿ ರಕ್ತದ ಛಾಯೆ, ವಿಸರ್ಜನಕಾಲದಲ್ಲಿ ಪಕ್ಕೆನೋವು, ಇವಕ್ಕೆ ರೋಗಿಯು ಬೆದರಬೇಕಾದುದಿಲ್ಲ. ಮೂತ್ರವು ಕೊಳವೆಯಲ್ಲಿ ಹಿಂದಕ್ಕೇರುವುದರಿಂದಲೇ ಆ ನೋವು. ಆದರೆ ಚಳಿಜ್ವರ ಬಂದರೆ, ರಕ್ತವು ಗಡ್ಡೆಕಟ್ಟಿ ಹೋದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಕಷಾಯ ಕುಡಿಸುತ್ತ ಕಾಲಕಳೆಯಲಾಗದು.

ಎಲ್ಲಕ್ಕಿಂತ ಘೋರವಾದುದು ಮರೆವು. ನೋವು ಅಡಗಿತೆಂದು ಕೊಳವೆಯನ್ನೇ ಮರೆತವರುಂಟು! ತಿಂಗಳುಗಳು ಕಳೆದಂತೆ, ಹಂಡೆಯೊಳಗೆ ಗಡಸುನೀರಿನ ಸುಣ್ಣ ಕಟ್ಟುವ ಹಾಗೆ, ಅದರ ಮೇಲೆ ಲವಣಗಳು ಕಲ್ಲಾಗುವುವು. ಬಳಿಕ ಎಳೆದರೆ ಬಾರದು, ಮೂತ್ರಪಿಂಡವೇ ಕೆಡಬಹುದು. ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ ಅದನ್ನು ತೆಗೆಸಬೇಕು, ಇಲ್ಲವೆ ಬದಲಾಯಿಸಬೇಕು. ವೈದ್ಯರು ಹೇಳಿದ ದಿನವನ್ನು ಪಂಚಾಂಗದಲ್ಲಿ ಗುರುತು ಮಾಡಿ, ಮನೆಯವರಿಗೂ ತಿಳಿಸಿಡಿರಿ.